‘ಟೆಸ್ಟ್ ರನ್ ಮಾತ್ರ ಆಗಿದೆ’ ಅನ್ನೋರ ಹತ್ರ ಹಳೇ ಲೋಕೊ ತಗೊಳ್ಳೋ ಮುಂಚೆ ಇದನ್ನು ಓದಿ

ಸಿಟ್ಟಲ್ಲೇ ಬರೆಯುತ್ತಿದ್ದೇನೆ. ಹೇಳಿದ್ದನ್ನೇ ಹೇಳಿದರೆ ಸಹಿಸಿಕೊಳ್ಳಿ.

ವಿಷಯ ಇಷ್ಟೇ. ಎಚ್‌ಒ ಸ್ಕೇಲಿನ (ಅಂದರೆ ನಿಜದ 87ರಲ್ಲಿ ಒಂದು ಪಾಲಿನ) ಮಾಡೆಲ್ ರೈಲಿನ ಡೀಸೆಲ್ ಲೋಕೊ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಅದರ ಚಾಸಿಗೆ, ಅಂದರೆ ಒಳಗಿನ ಡೈಕಾಸ್ಟ್ (ಎರಕದ ಲೋಹ) ಚೌಕಟ್ಟಿಗೆ, ಪೂರ್ತಿ ಜಿಂಕ್ ಪೆಸ್ಟ್ ಹಿಡಿದಿದೆ. ಸತುವಿನ ಎರಕ ಒಳಗಿಂದಲೇ ಕೊಳೆಯೋ ರೋಗ ಅದು. ಸೌಂಡ್ ಡಿಕೋಡರ್ (ಲೋಕೊ ಓಡಿಸಿ ಎಂಜಿನ್ ಸದ್ದು ಹೊರಡಿಸೋ ಪುಟ್ಟ ಚಿಪ್) ಇದೆ ಅಂದಿದ್ದ, ಇಲ್ಲ. ಇದೆಲ್ಲ ಮಾರಿದವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮಾರಿದ. ಗೊತ್ತಿತ್ತು ಅಂತ ನಾನು ಊಹೆ ಮಾಡಿ ಹೇಳುತ್ತಿಲ್ಲ. ಸಾಕ್ಷಿ ನನ್ನ ಮೇಜಿನ ಮೇಲೇ ಬಿದ್ದಿದೆ.

ಈ ಹವ್ಯಾಸದಲ್ಲಿ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತು. ಫೋಟೊ ಕಳಿಸುತ್ತಾರೆ, ಓಡೋ ವಿಡಿಯೊ ಕಳಿಸುತ್ತಾರೆ, ಎರಡು ಮಾತು ಚೌಕಾಸಿ, ಹಣ, ಆಮೇಲೆ ಪಾರ್ಸೆಲ್. ರಸೀದಿ ಯಾರೂ ಕೇಳೋದಿಲ್ಲ. ಮನೆಯಲ್ಲಿ ಪುಟ್ಟ ರೈಲು ಹಳಿಗಳ ಲೇಔಟ್ ಕಟ್ಟಿಕೊಂಡಿರೋ ಮನುಷ್ಯ, ಹಳಿಗೆ ಜಲ್ಲಿ ಅಂಟಿಸುತ್ತಾ ರಾತ್ರಿ ಕಳೆಯೋನು, ಇನ್ನೊಬ್ಬ ಅಂಥವನಿಗೆ ಟೋಪಿ ಹಾಕಲ್ಲ ಅನ್ನೋ ನಂಬಿಕೆ ಮೇಲೇ ಇಷ್ಟು ವರ್ಷ ನಡೆದಿದೆ. ನನ್ನ ಲೇಔಟ್‌ನಲ್ಲಿ ಓಡುತ್ತಿರೋ ಗಾಡಿಗಳಲ್ಲಿ ಅರ್ಧ ಹೀಗೇ ಬಂದವು. ಒಂದೂ ಕೈ ಕೊಟ್ಟಿರಲಿಲ್ಲ.

ಇವನ ಜಾಹೀರಾತು ಹೀಗಿತ್ತು: ‘ಬಾಕ್ಸ್ ಸಮೇತ. ಶೋಕೇಸ್‌ನಲ್ಲೇ ಇತ್ತು. ಟೆಸ್ಟ್ ರನ್ ಮಾತ್ರ ಆಗಿದೆ. ಇಎಸ್‌ಯು ಲೋಕ್‌ಸೌಂಡ್ ಹಾಕಿಸಿದೆ.’ ಲೋಕ್‌ಸೌಂಡ್ ಅಂದರೆ ಇಎಸ್‌ಯು ಕಂಪನಿಯ ಸೌಂಡ್ ಡಿಕೋಡರ್. ಲೋಕೊ 2000ದ ಆಸುಪಾಸಿನ ಮಾಡೆಲ್. ಕಂಪನಿ ಅದನ್ನು ಮಾಡೋದು ನಿಲ್ಲಿಸಿ ಯಾವ ಕಾಲವಾಯಿತೋ, ಬಿಡಿಭಾಗವೂ ಸಿಗೋದಿಲ್ಲ. ಹುಡುಕುತ್ತಿದ್ದವರಿಗೆ ಗೊತ್ತು, ಇಂಥದ್ದು ಕಂಡರೆ ಕೈ ಸುಮ್ನೆ ಇರೋದಿಲ್ಲ. ಆದರೂ ನಾನು ಕೇಳಿದೆ. ನೇರವಾಗಿ ಕೇಳಿದೆ. ‘ಚಾಸಿ ಹೇಗಿದೆ? ಬಿರುಕು, ಬಾಗಿರೋದು, ಉಬ್ಬಿರೋದು ಏನಾದ್ರೂ ಇದ್ಯಾ? ಈ ಕಾಲದ ಡೈಕಾಸ್ಟ್‌ಗೆ ಪೆಸ್ಟ್ ಬರುತ್ತೆ, ಅದಕ್ಕೇ ಕೇಳ್ತಿದ್ದೀನಿ.’

ಅವನ ಉತ್ತರ: ‘ಸರ್, ಕಲ್ಲು ಇದ್ದಂಗಿದೆ. ನೀವು ಹವ್ಯಾಸಿಗಳು, ನಿಮಗೆ ಸುಳ್ಳು ಹೇಳ್ತೀನಾ?’

ಕೆಳಭಾಗದ ಫೋಟೊ ಕೇಳಿದೆ. ಅದನ್ನೂ ಕಳಿಸಿದ. ಚೊಕ್ಕವಾಗಿತ್ತು. ವಿಡಿಯೊದಲ್ಲಿ ಎಂಜಿನ್ ಶುರುವಾಗೋ ಸದ್ದು, ಹಾರ್ನ್, ಆಮೇಲೆ ನಿಧಾನವಾಗಿ ಸ್ಟೇಷನ್ ಬಿಟ್ಟು ಹೊರಡೋದು. ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ಗೆಳೆಯರಿಗೆಲ್ಲ ತೋರಿಸಿದೆ. ‘ಒಳ್ಳೇ ಮನುಷ್ಯ, ನೀವೂ ಇವರ ಹತ್ರ ಕೇಳಿ’ ಅಂದೆ. ಈ ಮಾತು ನೆನಪಾದಾಗೆಲ್ಲ ಮುಖ ಬಿಸಿಯಾಗುತ್ತೆ. ಅವರಲ್ಲಿ ಒಬ್ಬರು ಇವನ ಹತ್ರ ವ್ಯಾಗನ್ ಸೆಟ್ ಮಾತಾಡಿ ಮುಗಿಸಿದ್ದರು. ಪುಣ್ಯಕ್ಕೆ ಹಣ ಕಳಿಸಿರಲಿಲ್ಲ.

ಪಾರ್ಸೆಲ್ ಬಂತು. ಪ್ಯಾಕಿಂಗ್ ಚೆನ್ನಾಗೇ ಇತ್ತು, ಒಪ್ಪಿಕೊಳ್ಳುತ್ತೇನೆ. ಸ್ಪಂಜು, ಒಳಗೆ ಮೂಲ ಪೆಟ್ಟಿಗೆ, ಪೆಟ್ಟಿಗೆಯ ಒಂದು ಮೂಲೆಯೂ ಜಜ್ಜಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಳಿ ಮೇಲೆ ಇಟ್ಟು ಅಡ್ರೆಸ್ 3ರಲ್ಲಿ (ಡಿಕೋಡರ್ ಅನ್ನು ಕರೆಯೋ ನಂಬರ್) ಕರೆದೆ. ಓಡಿತು. ಆದರೆ ಸದ್ದಿಲ್ಲ. ಲೈಟ್ ಬಂತು, ಹಾರ್ನ್ ಇಲ್ಲ, ಎಂಜಿನ್ ಇಲ್ಲ, ಏನೂ ಇಲ್ಲ. ಮೊದಲ ಪಾಯಿಂಟ್‌ನಲ್ಲೇ (ಹಳಿ ಕವಲೊಡೆಯೋ ಜಾಗ) ಮುಂದಿನ ಚಕ್ರ ಹಳಿ ಬಿಟ್ಟಿತು. ಎತ್ತಿಟ್ಟೆ. ಮತ್ತೆ ಅದೇ ಜಾಗ, ಅದೇ ಚಕ್ರ. ಬೇರೆ ಲೋಕೊಗಳು ಅದೇ ಪಾಯಿಂಟ್ ಮೇಲೆ ದಿನವೂ ಓಡಾಡುತ್ತವೆ.

ಅವನಿಗೆ ಮೆಸೇಜ್ ಹಾಕಿದೆ. ಆಗ ಇನ್ನೂ ಮರ್ಯಾದೆಯಿಂದಲೇ ಉತ್ತರ ಕೊಡುತ್ತಿದ್ದ. ‘ಸರ್, ವಾಲ್ಯೂಮ್ ಕಮ್ಮಿ ಇಟ್ಟಿರ್ತೀನಿ. ಸಿವಿ 63 ಜಾಸ್ತಿ ಮಾಡಿ ನೋಡಿ.’ ಸಿವಿ ಅಂದರೆ ಡಿಕೋಡರ್‌ನ ಒಂದೊಂದು ಸೆಟ್ಟಿಂಗ್ ಇರೋ ನಂಬರ್ ಹಾಕಿದ ಜಾಗ. ಲೋಕ್‌ಸೌಂಡ್‌ನಲ್ಲಿ ಸಿವಿ 63 ಅಂದರೆ ಮಾಸ್ಟರ್ ವಾಲ್ಯೂಮ್, ನಿಜ. ಅಂದರೆ ಇವನಿಗೆ ಡಿಕೋಡರ್ ವಿಷಯ ಚೆನ್ನಾಗೇ ಗೊತ್ತು. ಗೊತ್ತಿಲ್ಲದ ಪಾಪದವನಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

ಮಾಡಿದೆ. ಏನೂ ಇಲ್ಲ. ಪ್ರೋಗ್ರಾಮಿಂಗ್ ಟ್ರ್ಯಾಕ್‌ಗೆ (ಸೆಟ್ಟಿಂಗ್ ಓದೋಕೆ, ಬರೆಯೋಕೆ ಇರೋ ಬೇರೆ ಹಳಿ) ತಂದು ಸಿವಿ 8 ಓದಿಸಿದೆ. ಡಿಕೋಡರ್ ಯಾವ ಕಂಪನಿಯದ್ದು ಅಂತ ಹೇಳೋ ಜಾಗ ಅದು. ಇಎಸ್‌ಯು ಆದರೆ 151 ಬರಬೇಕು. ಜೀಮೊ ಕಂಪನಿಯದ್ದಾದರೆ 145. ನನಗೆ ಬಂದಿದ್ದು 13. ಅದು ಯಾವ ಕಂಪನಿಯ ನಂಬರೂ ಅಲ್ಲ. ಮನೆಯಲ್ಲೇ ಡಿಕೋಡರ್ ಮಾಡಿಕೊಳ್ಳೋರಿಗೆ ಅಂತ ಬಿಟ್ಟಿರೋ ನಂಬರ್. ನನ್ನ ಹತ್ರ ಇರೋ ಇನ್ನೊಂದು ಇಎಸ್‌ಯು ಲೋಕೊ ಇಟ್ಟು ಅದೇ ಕಮಾಂಡ್ ಸ್ಟೇಷನ್‌ನಲ್ಲಿ (ಲೋಕೊಗಳಿಗೆ ಆಜ್ಞೆ ಕಳಿಸೋ ಮಷಿನ್) ಓದಿಸಿದೆ: 151. ಮಷಿನ್ ಸರಿ ಇದೆ.

ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: ‘ನಿಮ್ಮ ಕಮಾಂಡ್ ಸ್ಟೇಷನ್ ತಪ್ಪು ಓದ್ತಿದೆ.’ ಈ ಸಲ ‘ಸರ್’ ಇರಲಿಲ್ಲ.

ಸರಿ, ಬಿಚ್ಚೇ ನೋಡೋಣ ಅಂತ ಸ್ಕ್ರೂ ತೆಗೆದೆ. ಬಾಡಿ, ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚ, ಬರಲಿಲ್ಲ. ಈ ಮಾಡೆಲ್‌ನ ಬಾಡಿ ಹಗುರವಾಗಿ ಎತ್ತಿದರೆ ಕೈಗೆ ಬರಬೇಕು. ಇದು ಕಚ್ಚಿಕೊಂಡಿತ್ತು. ಎರಡು ಪಕ್ಕಕ್ಕೂ ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡ್ ತೂರಿಸಿ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, ಮುರಿದುಹೋಗುತ್ತೋ ಅಂತ ಉಸಿರು ಬಿಗಿಹಿಡಿದು ಎಳೆದೆ. ಕೊನೆಗೂ ಬಂತು. ಬಂದ ಕೂಡಲೇ ಮೇಜಿನ ಮೇಲೆ ಏನೋ ಬೂದು ಬಣ್ಣದ ಪುಡಿ ಉದುರಿತು.

ಚಾಸಿಯ ಮೈ ತುಂಬ ಕೂದಲೆಳೆಯಂಥ ಬಿರುಕು. ಬಲೆ ಹರಡಿದ ಹಾಗೆ. ಕೆಲವು ಕಡೆ ಗುಳ್ಳೆ ಎದ್ದು ಬಣ್ಣ ಚಕ್ಕೆ ಚಕ್ಕೆಯಾಗಿ ಬಿಟ್ಟಿದೆ. ಉಗುರು ತಾಗಿಸಿದ್ದಕ್ಕೆ ಒಂದು ಮೂಲೆ ಕಳಚಿ ಕೈಗೇ ಬಂತು. ಸ್ಪೀಕರ್ ಇರಬೇಕಾದ ಜಾಗ ಖಾಲಿ. ಅಲ್ಲಿ ಡಬಲ್ ಸೈಡ್ ಟೇಪಿನ ಅಂಟು ಮಾತ್ರ ಉಳಿದಿದೆ. ಅಂದರೆ ಒಂದು ಕಾಲದಲ್ಲಿ ಸ್ಪೀಕರ್ ಇತ್ತು. ಕಿತ್ತುಕೊಂಡಿದ್ದಾನೆ. ಲೋಕ್‌ಸೌಂಡ್ ಕಿತ್ತುಕೊಂಡು, ಕೈಗೆ ಸಿಕ್ಕ ಯಾವುದೋ ಮೋಟರ್ ಡಿಕೋಡರ್ ಚುಚ್ಚಿ, ‘ಸಿವಿ 63 ಜಾಸ್ತಿ ಮಾಡಿ’ ಅಂತ ನನಗೆ ಪಾಠ ಹೇಳಿದ್ದಾನೆ!

ಇಷ್ಟಾದರೂ ಒಂದು ಅನುಮಾನ ಉಳಿದಿತ್ತು. ಡಿಕೋಡರ್ ಮೋಸ ಸರಿ, ಪೆಸ್ಟ್ ವಿಷಯ ಅವನಿಗೆ ಗೊತ್ತಿರಲಿಲ್ಲವೇನೋ ಅಂತ. ಒಳಗೇ ನಡೆಯೋ ಕೊಳೆತ, ಹೊರಗಿಂದ ಕಾಣೋದಿಲ್ಲ ಅಲ್ವಾ. ಆಮೇಲೆ ಬಾಡಿಯನ್ನು ತಿರುಗಿಸಿ ಲೈಟಿಗೆ ಹಿಡಿದೆ.

ಒಳಗೋಡೆಯ ಎರಡೂ ಕಡೆ ಅರ ಹಾಕಿ ಉಜ್ಜಿದ ಗೆರೆಗಳು. ಹೊಸ ಗೆರೆಗಳು. ಹಳೇ ಪ್ಲಾಸ್ಟಿಕ್ ಸ್ವಲ್ಪ ಮಂಕಾಗಿರುತ್ತೆ, ಉಜ್ಜಿದ ಕಡೆ ಮಾತ್ರ ಬೆಳ್ಳಗೆ. ಮೂಲೆಯಲ್ಲಿ ಪ್ಲಾಸ್ಟಿಕ್ ಹುಡಿ ಇನ್ನೂ ಅಂಟಿಕೊಂಡಿತ್ತು, ಒರೆಸೋ ವ್ಯವಧಾನವೂ ಅವನಿಗೆ ಇರಲಿಲ್ಲ. ಚಾಸಿ ಉಬ್ಬಿ ಬಾಡಿ ಕೂರುತ್ತಿರಲಿಲ್ಲ. ಕೂರಲಿ ಅಂತ ಬಾಡಿಯನ್ನು ಒಳಗಿಂದ ಕೆರೆದಿದ್ದಾನೆ. ಚಾಸಿಯ ದೊಡ್ಡ ಬಿರುಕೊಂದರ ಮೇಲೆ ಕಪ್ಪು ಬಣ್ಣ ಬಳಿದಿದ್ದಾನೆ, ಅದರ ಅಂಚು ಸ್ಕ್ರೂ ತಲೆಯ ಮೇಲೂ ಹರಿದಿದೆ.

ಆಗ ಆದ ಹೊಟ್ಟೆ ಉರಿ ಹೇಳೋಕಾಗಲ್ಲ. ಹಣ ಹೋಗಿದ್ದಕ್ಕಲ್ಲ. ಒಬ್ಬ ಮನುಷ್ಯ ಕೂತು, ಅರ ಹಿಡಿದು, ತಾಳ್ಮೆಯಿಂದ, ನನಗೆ ಮೋಸ ಮಾಡೋಕೆ ಅಂತಲೇ ಇಷ್ಟು ಕೆಲಸ ಮಾಡಿದ್ದಾನೆ. ‘ಕಲ್ಲು ಇದ್ದಂಗಿದೆ’ ಅಂತ ಟೈಪ್ ಮಾಡಿದ ಕೈಯೇ ಅದು.

ಆಮೇಲೆ ವಿಡಿಯೊ ಮತ್ತೆ ತೆಗೆದು, ತಡೆತಡೆದು ನಿಲ್ಲಿಸಿ ನೋಡಿದೆ. ಗಾಡಿ ತಿರುವಿನಲ್ಲಿ ಬರುವಾಗ ಕ್ಯಾಬ್ ಕೆಳಗಿನ ನಂಬರ್ ಒಂದು ಕ್ಷಣ ಕಾಣುತ್ತೆ. ಕೊನೇ ಅಂಕಿ 6. ನನ್ನ ಕೈಲಿರೋದು 8. ಕೆಳಭಾಗದ ಫೋಟೊದಲ್ಲಿರೋ ಕಪ್ಲಿಂಗ್ (ಗಾಡಿಗಳನ್ನು ಜೋಡಿಸೋ ಕೊಂಡಿ) ಲೋಹದ್ದು, ನನಗೆ ಬಂದಿರೋದು ಪ್ಲಾಸ್ಟಿಕ್‌ನದ್ದು. ಓಡಿದ ಲೋಕೊ ಬೇರೆ, ಫೋಟೊ ತೆಗೆಸಿಕೊಂಡ ಹೊಟ್ಟೆ ಬೇರೆ, ಪಾರ್ಸೆಲ್ ಆಗಿ ಬಂದ ಹೆಣ ಬೇರೆ.

ಎಲ್ಲದರ ಫೋಟೊ ತೆಗೆದು ಕಳಿಸಿದೆ. ಬಂದ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

‘ಕೊರಿಯರ್‌ನವರು ಬೀಳಿಸಿರ್ತಾರೆ.’

ಬಿದ್ದರೆ ಲೋಹ ಮುರಿಯುತ್ತೆ ಸ್ವಾಮಿ, ಉಬ್ಬೋದಿಲ್ಲ. ಪೆಟ್ಟಿಗೆಯ ಮೂಲೆ ಕೂಡ ಜಜ್ಜಿಲ್ಲ ಅಂತ ಆಗಲೇ ಹೇಳಿದೆನಲ್ಲ.

‘ಜಿಂಕ್ ಪೆಸ್ಟ್ ಬರೋದು 1930ರ ಕಾಲದ ಆಟಿಕೆಗಳಿಗೆ. ಇದು ಹೊಸ ಮಾಡೆಲ್.’

ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಸತು ಮಿಶ್ರಲೋಹವನ್ನು ಎರಕ ಹೊಯ್ಯುವಾಗ ಅದರಲ್ಲಿ ಸೀಸದಂಥ ಕಲ್ಮಶ ಚೂರೇ ಚೂರು ಸೇರಿದರೂ ಸಾಕು, ವರ್ಷಗಳ ಮೇಲೆ ಒಳಗಿಂದಲೇ ತಿನ್ನುತ್ತಾ ಬರುತ್ತೆ. 1929ರಲ್ಲಿ ಜಮ್ಯಾಕ್ ಅನ್ನೋ ಸತು ಮಿಶ್ರಲೋಹ ಬಂದಿದ್ದೇ ಶುದ್ಧ ಸತು ಬಳಸಿ ಎರಕ ಹೊಯ್ಯೋಕೆ. ಅದಾದ ಮೇಲೂ ಎರಕದಲ್ಲಿ ಶುದ್ಧಿ ಕಾಯದ ಕಡೆ ಇದು ಬಂದಿದೆ, 2000ದ ನಂತರದ ಮಾಡೆಲ್‌ಗಳಲ್ಲೂ ಬಂದಿದೆ. ಹಿಡಿದ ಮೇಲೆ ಔಷಧಿ ಇಲ್ಲ. ಅಂಟು ಹಾಕಿದರೂ, ಬಣ್ಣ ಬಳಿದರೂ ನಿಲ್ಲೋದಿಲ್ಲ.

‘ಹಂಗಾದ್ರೆ ನಿಮ್ಮ ರೂಮಲ್ಲಿ ತೇವ ಜಾಸ್ತಿ ಇರ್ಬೇಕು.’

ತೇವ ಇದ್ದರೆ ಬೇಗ ಹರಡುತ್ತೆ, ಒಪ್ಪಿದೆ. ಬೇಗ ಅಂದರೂ ವರ್ಷಗಟ್ಟಲೆ ಬೇಕು. ಪಾರ್ಸೆಲ್ ಬಿಚ್ಚಿ ಹಳಿ ಮೇಲೆ ಇಡೋಷ್ಟರಲ್ಲಿ ಬಂತಾ?

‘ನಾನು ಆ ಬಾಡಿ ಬಿಚ್ಚೇ ಇಲ್ಲ. ಹೆಂಗೆ ಬಂತೋ ಹಂಗೆ ಕೊಟ್ಟೆ.’

ಅರದ ಗೆರೆಗಳ ಫೋಟೊ ದೊಡ್ಡದು ಮಾಡಿ ಕಳಿಸಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ:

‘ಸ್ವಲ್ಪ ಟೈಟ್ ಇತ್ತು, ಫಿಟ್ ಆಗ್ಲಿ ಅಂತ ಉಜ್ಜಿದ್ದೆ ಅಷ್ಟೆ. ಅದರಲ್ಲೇನು ತಪ್ಪು?’

ಓದಿದಿರಾ? ಬಿಚ್ಚೇ ಇಲ್ಲ ಅಂದವನು ಉಜ್ಜಿದ್ದೆ ಅನ್ನುತ್ತಿದ್ದಾನೆ. ಒಂದರ ಕೆಳಗೆ ಒಂದು ಹಾಗೇ ಇವೆ ಆ ಎರಡು ಮೆಸೇಜು.

ಹಣ ವಾಪಸ್ ಕೇಳಿದ್ದಕ್ಕೆ: ‘ನೀವು ಬಿಚ್ಚಿದ್ರಲ್ಲ, ಬಿಚ್ಚಿದ ಮೇಲೆ ವಾಪಸ್ ತಗೊಳ್ಳಲ್ಲ. ಯಾರ್ರೀ ಹೇಳಿದ್ದು ಬಿಚ್ಚೋಕೆ?’ ಬೇರೆ ಲೋಕೊದ ವಿಡಿಯೊ ಯಾಕೆ ಕಳಿಸಿದಿರಿ ಅಂದಿದ್ದಕ್ಕೆ: ‘ಮಾಡೆಲ್ ಒಂದೇ ಅಲ್ವಾ?’ ಕೊನೆಯದು, ಇದು ನನ್ನ ಮೆಚ್ಚಿನದು: ‘ಸ್ಪೇರ್ ಪಾರ್ಟ್ಸ್‌ಗೆ ಇಟ್ಕೊಳ್ಳಿ, ಒಳ್ಳೇ ಬೆಲೆಗೇ ಕೊಟ್ಟಿದ್ದೀನಿ.’ ಅದಾದ ಮೇಲೆ ಬ್ಲಾಕ್.

ಈಗ ನಿಮಗೆ ಹೇಳೋದು. ಅಂಕಿ ಹಾಕಿ ಪಟ್ಟಿ ಮಾಡೋ ಸಹನೆ ನನಗಿಲ್ಲ.

ಚಾಸಿ ಡೈಕಾಸ್ಟ್ ಆಗಿದ್ದರೆ ಬಾಡಿ ಬಿಚ್ಚಿ ಫೋಟೊ ಕಳಿಸಿ ಅನ್ನಿ. ಪಕ್ಕದಲ್ಲಿ ಆವತ್ತಿನ ತಾರೀಕು ಬರೆದ ಚೀಟಿ ಇರಲಿ, ಲೋಕೊದ ನಂಬರ್ ಅದೇ ಫೋಟೊದಲ್ಲಿ ಕಾಣಲಿ. ‘ಬಿಚ್ಚಿದ್ರೆ ಹಾಳಾಗುತ್ತೆ’ ಅಂದರೆ ಅಲ್ಲಿಗೆ ಮಾತು ಮುಗಿಸಿ. ಹಾಳಾಗಿರೋದಕ್ಕೇ ಬಿಚ್ಚೋದಿಲ್ಲ ಅವರು. ಗಾಜಿನ ಮೇಲೆ ಇಟ್ಟು ಪಕ್ಕದಿಂದ ಒಂದು ಫೋಟೊ ಕೇಳಿ. 20 ಮೀಟರ್ ಉದ್ದದ ನಿಜವಾದ ಲೋಕೊ 1:87ರಲ್ಲಿ ಸುಮಾರು 23 ಸೆಂಟಿಮೀಟರ್ ಆಗುತ್ತೆ. ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಅಳತೆಯ ಚಕ್ರದ ಅಂಚಿನ ಆಳ ಒಂದು ಮಿಲಿಮೀಟರ್ ಕೂಡ ಇರೋದಿಲ್ಲ. ಚಾಸಿ ಒಂಚೂರು ಬಾಗಿದರೂ ಚಕ್ರ ಎದ್ದು ನಿಲ್ಲುತ್ತೆ, ಪಾಯಿಂಟ್‌ನಲ್ಲಿ ಹಳಿ ಬಿಡುತ್ತೆ. ನನ್ನದು ಗಾಜಿನ ಮೇಲೆ ಇಟ್ಟರೆ ಮುಂದಿನ ಚಕ್ರದ ಕೆಳಗೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಗ್ಗುತ್ತೆ.

ಸೌಂಡ್ ಇದೆ ಅಂದರೆ ವಿಡಿಯೊ ಕಾಲ್‌ನಲ್ಲಿ ನಿಮ್ಮೆದುರಿಗೇ ಸಿವಿ 8 ಓದಿಸಲಿ. ಓದೋದರಿಂದ ಏನೂ ಆಗಲ್ಲ, ಬರೆಯೋದು ಬೇಡ. ಅದರಲ್ಲಿ 8 ಬರೆದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸೆಟ್ಟಿಂಗ್ ಎಲ್ಲ ಹೋಗಿ ಫ್ಯಾಕ್ಟರಿ ಸ್ಥಿತಿಗೆ ಬರುತ್ತೆ. ರೆಕಾರ್ಡ್ ಮಾಡಿದ ವಿಡಿಯೊಗೆ ಬೆಲೆ ಕೊಡಬೇಡಿ. ನಾನಂತೂ ಇನ್ನು ಮೇಲೆ ‘ಶೋಕೇಸ್‌ನಲ್ಲೇ ಇತ್ತು’ ಅಂತ ಕಂಡರೆ ಮುಂದಕ್ಕೆ ಓದೋದೇ ಇಲ್ಲ.

ಹಾಗಂತ ಹಳೇ ಲೋಕೊ ಎಲ್ಲ ಕೊಳೆತಿದೆ ಅಂತ ಹೆದರಬೇಕಿಲ್ಲ. ಪೆಸ್ಟ್ ಅಂಟುರೋಗ ಅಲ್ಲ, ಪಕ್ಕದಲ್ಲಿ ಇಟ್ಟರೆ ಇನ್ನೊಂದಕ್ಕೆ ಬರಲ್ಲ. ಒಬ್ಬರು ಇದನ್ನು ಕೇಳಿ ನನ್ನ ಶೆಲ್ಫ್‌ನಿಂದ ತಮ್ಮ ವ್ಯಾಗನ್ ದೂರ ಇಟ್ಟರು. ಆ ಮಟ್ಟಕ್ಕೆ ಹೋಗೋದು ಬೇಡ.

ಅವನ ಹೆಸರು ಇಲ್ಲಿ ಹಾಕುವುದಿಲ್ಲ. ಆದರೆ ಅದೇ ವಿಡಿಯೊ ಈಗ ಬೇರೆ ಹೆಸರಿನಲ್ಲಿ ಮತ್ತೆ ಓಡಾಡುತ್ತಿದೆ, ಗೆಳೆಯರೊಬ್ಬರು ಕಳಿಸಿದರು. ಸ್ಟೇಷನ್ ಬಿಟ್ಟು ಎಡಕ್ಕೆ ತಿರುಗೋ ಡೀಸೆಲ್ ಲೋಕೊ, ಕ್ಯಾಬ್ ಕೆಳಗಿನ ನಂಬರ್ 6ರಲ್ಲಿ ಮುಗಿಯುತ್ತೆ, ಮುಂದಿನ ಎಡಗಡೆಯ ಕೈಹಿಡಿ ಕಂಬಿ ಒಳಕ್ಕೆ ಬಾಗಿದೆ. ಅದು ಕಂಡರೆ ಹಣ ಕಳಿಸಬೇಡಿ. ಆ ಲೋಕೊ ಮಾರಾಟಕ್ಕಿಲ್ಲ, ತೋರಿಸೋಕೆ ಮಾತ್ರ ಇಟ್ಟುಕೊಂಡಿದ್ದಾನೆ.

ನನ್ನ ಹಣ ಬಂದಿಲ್ಲ, ಬರುತ್ತೆ ಅಂತಲೂ ಅನಿಸುತ್ತಿಲ್ಲ. ಮೋಟರ್ ಚೆನ್ನಾಗಿದೆ, ಬಿಚ್ಚಿ ಎಣ್ಣೆ ಹಾಕಿ ಇಟ್ಟಿದ್ದೇನೆ. ಚಕ್ರ, ಗೇರ್, ಲೈಟ್ ಬೋರ್ಡು ಕೂಡ ಸರಿ ಇವೆ. ಬಾಡಿಯನ್ನು ಒಳಗೆ ಕೆರೆದಿದ್ದರೂ ಹೊರಗಿನ ಬಣ್ಣಕ್ಕೆ ಏನೂ ಆಗಿಲ್ಲ. ಇದೇ ಕಾಲದ ಆರು ಆಕ್ಸಲ್‌ನ ಎಚ್‌ಒ ಡೀಸೆಲ್‌ನ ಚಾಸಿ ಯಾರ ಹತ್ರವಾದರೂ ಬಿಡಿಯಾಗಿ ಇದ್ದರೆ ತಿಳಿಸಿ, ಮಾಡೆಲ್ ಯಾವುದು ಅಂತ ಆಗ ಹೇಳುತ್ತೇನೆ. ಬೆಲೆ ಆಮೇಲೆ ಮಾತಾಡೋಣ. ಮೊದಲು ಗಾಜಿನ ಮೇಲೆ ಇಟ್ಟು ಒಂದು ಫೋಟೊ ಕಳಿಸಿ, ಚೀಟಿ ಸಮೇತ.