ಬಗ್ಗದೆ ಕಸ ಎತ್ತಲು ಯಾವುದು ಒಳ್ಳೆಯದು? ಡೊಂಬಿವಲಿಯ ನಮ್ಮ ಮನೆಯಲ್ಲಿ ಐದನ್ನು ಬಳಸಿ ನೋಡಿದ್ದು

ಕಳೆದ ವರ್ಷ ಅಮ್ಮನ ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ನಡೆಯಿರಿ, ನಿಂತು ಕೆಲಸ ಮಾಡಿ, ಆದರೆ ಕುಕ್ಕರಗಾಲಿನಲ್ಲಿ ಕೂರಬೇಡಿ. ಅಮ್ಮ ತಲೆಯಾಡಿಸಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಬೆಳಗ್ಗೆ ಪೊರಕೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದರು. ಎದ್ದ ಕೂಡಲೇ ಗುಡಿಸಿ ದೀಪ ಹಚ್ಚುವುದು ಕಾರ್ಕಳದ ಮನೆಯಿಂದ ಬಂದ ರೂಢಿ. ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಮೂವತ್ತೈದು ವರ್ಷವಾದರೂ ಅದು ತಪ್ಪಿಲ್ಲ. ತಪ್ಪಿಸುವ ಮನಸ್ಸು ನನಗೂ ಬರಲಿಲ್ಲ.

ನಿಂತು ಗುಡಿಸಲು ಅವರಿಗೆ ತೊಂದರೆ ಇಲ್ಲ. ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಪೊರಕೆ. ಕಸ ಮೂಲೆಗೆ ಬಂದು ಗುಡ್ಡೆಯಾಗುತ್ತದೆ. ಅಲ್ಲಿಗೆ ಕೆಲಸ ನಿಂತುಹೋಗುತ್ತದೆ. ಅದನ್ನು ಮೊರಕ್ಕೆ ಎಳೆದುಕೊಳ್ಳಲು ಬಗ್ಗಲೇಬೇಕಲ್ವಾ? ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಫ್ಯಾನಿನ ಗಾಳಿಗೆ ಅರ್ಧ ಗುಡ್ಡೆ ಮತ್ತೆ ಹರಡಿರುತ್ತಿತ್ತು. ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ.

ಹಾಗಾಗಿ ಎಂಟು ತಿಂಗಳಲ್ಲಿ ಐದು ಬಗೆಯ ಸಾಮಾನು ಬಳಸಿ ನೋಡಿದೆವು. ನಾನು ಅಳೆದದ್ದು ಎರಡನ್ನೇ. ಎಷ್ಟು ಸಲ ಬಗ್ಗಬೇಕು, ಎಷ್ಟು ಕೈ ಬೇಕು.

ಮೊದಲು ಹಳೆಯದು: ಹುಲ್ಲಿನ ಪೊರಕೆ, ಪ್ಲಾಸ್ಟಿಕ್ಕಿನ ಕಸದ ಮೊರ. ಇಲ್ಲಿ ಎಲ್ಲರೂ ಫೂಲ್ ಝಾಡು, ಸುಪ್ಡಿ ಅನ್ನುತ್ತಾರೆ. ಈ ಪೊರಕೆಯ ಹುಲ್ಲು ಜಾಸ್ತಿ ಬರುವುದು ಮೇಘಾಲಯದ ಕಡೆಯ ಗುಡ್ಡಗಳಿಂದ. ನುಣುಪಾದ ಟೈಲ್ಸ್ ಮೇಲಿನ ಸಣ್ಣ ಧೂಳನ್ನು ಇದರಷ್ಟು ಚೆನ್ನಾಗಿ ಎಳೆಯುವ ವಸ್ತು ನಾನು ಬೇರೆ ಕಂಡಿಲ್ಲ. ಹೊಸದರಲ್ಲಿ ಅದರ ಹೂವಿನ ಪುಡಿಯೇ ಒಂದು ವಾರ ಉದುರುತ್ತದೆ. ತಂದ ದಿನವೇ ಹೊರಗೆ ಚೆನ್ನಾಗಿ ಕೊಡವಿ, ಹಳೆಯ ಬಾಚಣಿಗೆಯಿಂದ ಬಾಚಿಬಿಟ್ಟರೆ ಸಾಕು. ತೊಂದರೆ ಇರುವುದು ಮೊರದಲ್ಲಿ. ಅದರ ಅಂಚು ನೆಲಕ್ಕೆ ಪೂರ್ತಿ ಕೂರುವುದಿಲ್ಲ. ಎಷ್ಟು ಎಳೆದರೂ ಅಂಚಿನ ಕೆಳಗೆ ಧೂಳಿನ ಒಂದು ಗೆರೆ ಉಳಿಯುತ್ತದೆ. ಮೊರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಗುಡಿಸಬೇಕು. ಮತ್ತೆ ಗೆರೆ. ಒಂದು ಗುಡ್ಡೆಗೆ ಮೂರು ಸಲ ಬಗ್ಗಿದ ಲೆಕ್ಕ, ಎರಡೂ ಕೈ ಬೇಕು.

ಉದ್ದ ಹಿಡಿಯ ನಿಲ್ಲುವ ಮೊರವನ್ನು ನೀವು ಮಾಲ್‌ಗಳಲ್ಲಿ ನೋಡಿರುತ್ತೀರಿ. ನಮಗೆ ಸುಮಾರು ನಾನೂರು ರೂಪಾಯಿಗೆ ಸಿಕ್ಕಿತು. ಎತ್ತಿದರೆ ಮೊರ ತಾನಾಗಿ ಹಿಂದಕ್ಕೆ ವಾಲಿ ಕಸವನ್ನು ಒಳಗೆ ಹಿಡಿದುಕೊಳ್ಳುತ್ತದೆ, ಕೆಳಗಿಟ್ಟರೆ ಬಾಯಿ ತೆರೆಯುತ್ತದೆ. ಬಗ್ಗುವುದೇ ಬೇಡ. ನನ್ನ ಸೊಂಟಕ್ಕೆ ಇದು ತುಂಬ ಹಿಡಿಸಿತು. ಧೂಳಿನ ಗೆರೆ ಇದರಲ್ಲೂ ಉಳಿಯುತ್ತದೆ, ಅದು ಬೇರೆ ಮಾತು. ಆದರೆ ಅಮ್ಮನಿಗೆ ಇದು ಆಗಲಿಲ್ಲ. ಒಂದು ಕೈಗೆ ಪೊರಕೆ, ಒಂದು ಕೈಗೆ ಮೊರ ಅಂದರೆ ಊರುಗೋಲಿಗೆ ಕೈ ಎಲ್ಲಿದೆ? ಊರುಗೋಲನ್ನು ಗೋಡೆಗೆ ಒರಗಿಸಿ ಗುಡಿಸುತ್ತಿದ್ದುದನ್ನು ಒಂದು ದಿನ ನೋಡಿದೆ. ಅವತ್ತೇ ಆ ಮೊರವನ್ನು ಅವರ ಕೈಯಿಂದ ತೆಗೆದುಕೊಂಡೆ.

ಕೈಯಲ್ಲಿ ಹಿಡಿದು ಓಡಾಡಿಸುವ, ಬ್ಯಾಟರಿಯ ವ್ಯಾಕ್ಯೂಮ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಂಚದ ಕೆಳಗೆ, ಸೋಫಾದ ಸಂದಿಗೆ ಚೆನ್ನಾಗಿದೆ. ಆದರೆ ಎರಡೂವರೆ ಕಿಲೋ ಭಾರವನ್ನು ಒಂದೇ ಕೈಯಲ್ಲಿ ತಳ್ಳಬೇಕು. ಉದ್ದ ಕೂದಲು ಉರುಳೆಗೆ ಸುತ್ತಿಕೊಂಡರೆ ಕತ್ತರಿ ಹಿಡಿದು ಕೂರಬೇಕು. ಆನ್‌ಲೈನ್ ಸೇಲ್‌ನಲ್ಲಿ ಕೊಂಡ ನಮ್ಮದರ ಬ್ಯಾಟರಿ ಐದನೇ ತಿಂಗಳಿಗೆ ಹತ್ತು ನಿಮಿಷವೂ ಬರುತ್ತಿರಲಿಲ್ಲ. ಕಂಪನಿಗೆ ಆರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಹೊಸಬರಿಗೆ ಮೊದಲಿನಿಂದ ಕತೆ ಹೇಳಬೇಕಾಯಿತು. ಆ ಬೇಸರ ಇನ್ನೂ ಹೋಗಿಲ್ಲ.

ರೋಬೋಟ್ ಒಂದನ್ನು ಪಕ್ಕದ ಮನೆಯವರು ಊರಿಗೆ ಹೋಗುವಾಗ ಒಂದು ವಾರ ಕೊಟ್ಟಿದ್ದರು. ದೊಡ್ಡ ಹಾಲ್ ಇರುವವರಿಗೆ ಅದು ನಿಜವಾಗಿ ಉಪಕಾರಿ. ನಮ್ಮದು ಒಂದು ಬೆಡ್‌ರೂಮಿನ ಹಳೆಯ ಕಟ್ಟಡದ ಮನೆ. ಅಡುಗೆಮನೆಯ ಹೊಸ್ತಿಲನ್ನು ಅದು ಹತ್ತಲಿಲ್ಲ. ಅದು ಓಡುವ ಮುಂಚೆ ಚಾಪೆ, ಚಪ್ಪಲಿ, ಚಾರ್ಜರಿನ ವೈರು, ಸ್ಟೂಲು ಎಲ್ಲ ಎತ್ತಿಡಬೇಕು. ಅದೂ ಬಗ್ಗುವ ಕೆಲಸವೇ ತಾನೇ? ಇನ್ನೊಂದು ಹೆದರಿಕೆಯೂ ಇತ್ತು. ಕಾಲಿನ ಬಳಿ ಸುಳಿದಾಡುವ ವಸ್ತು ಮೊಣಕಾಲು ಬದಲಿಸಿಕೊಂಡವರ ಮನೆಯಲ್ಲಿ ಬೇಡ. ಎಡವಿ ಬಿದ್ದರೆ ಮಾಡಿದ ಆಪರೇಷನ್ನೇ ಹಾಳಾದೀತು.

ಕೊನೆಯದಾಗಿ ಬಂದದ್ದು ತಾನಾಗಿ ಎಳೆದುಕೊಳ್ಳುವ ವ್ಯಾಕ್ಯೂಮ್ ಮೊರ. ದುಬೈಯಲ್ಲಿರುವ ತಮ್ಮ ತಂದುಕೊಟ್ಟ. "ಅಕ್ಕಾ, ಇಲ್ಲಿ ಸಲೂನಿನವರು ಕೂದಲು ಎಳೆಯಲು ಇದನ್ನೇ ಇಟ್ಟುಕೊಂಡಿರುತ್ತಾರೆ, ಅಮ್ಮನಿಗೆ ಆಗಬಹುದು ನೋಡು" ಅಂದ. ನೋಡಲು ಒಂದು ಎತ್ತರದ ಕಸದ ಡಬ್ಬಿಯ ಹಾಗಿದೆ. ಗೋಡೆಗೆ ಒರಗಿ ನೆಲದ ಮೇಲೆ ನಿಲ್ಲುತ್ತದೆ. ಬುಡದಲ್ಲಿ ನೆಲಕ್ಕೆ ತಾಗಿದ ಅಗಲವಾದ ಸೀಳುಬಾಯಿ. ಅದರ ಮುಂದೆ ಇನ್‌ಫ್ರಾರೆಡ್ ಸೆನ್ಸರ್, ಅಂದರೆ ಕಣ್ಣಿಗೆ ಕಾಣದ ಬೆಳಕಿನಿಂದ ಹತ್ತಿರ ಬಂದದ್ದನ್ನು ಗುರುತಿಸುವ ಸಾಧನ. ಪೊರಕೆ ಕಸ ತಳ್ಳಿಕೊಂಡು ಹತ್ತಿರ ಬಂದ ಕೂಡಲೇ ಮೋಟಾರು ಶುರುವಾಗಿ, ಕೆಲವು ಸೆಕೆಂಡು ಎಳೆದು, ತಾನೇ ನಿಲ್ಲುತ್ತದೆ. ಮೊರ ಹಿಡಿಯುವ ಕೈ ಬೇಡ. ಊರುಗೋಲು ಎಡಗೈಯಲ್ಲೇ ಇರುತ್ತದೆ. ಆ ಧೂಳಿನ ಗೆರೆಯೂ ಉಳಿಯುವುದಿಲ್ಲ, ಗಾಳಿ ಅದನ್ನೂ ಎಳೆದುಬಿಡುತ್ತದೆ. ಮೊದಲ ದಿನ ಅಮ್ಮ ಆ ಜಾಗಕ್ಕೆ ಬಂದು ಪಾದದಿಂದ ಸವರಿ ನೋಡಿದರು. "ಏನೂ ಇಲ್ಲ ಮಗಾ" ಅಂದರು.

ಅಡುಗೆಮನೆಯಲ್ಲಿ ಅದರ ಗುಣ ಚೆನ್ನಾಗಿ ಗೊತ್ತಾಯಿತು. ಈರುಳ್ಳಿ ಸಿಪ್ಪೆ, ನೆಲಗಡಲೆ ಸಿಪ್ಪೆ, ಕೂದಲು, ಚೆಲ್ಲಿದ ಸಾಸಿವೆ, ಚಪಾತಿ ಲಟ್ಟಿಸುವಾಗ ಬಿದ್ದ ಹಿಟ್ಟು ಎಲ್ಲ ಒಂದೇ ಸಲಕ್ಕೆ ಹೋಗುತ್ತವೆ. ಕರಿಬೇವಿನ ಎಲೆ ನೆಲಕ್ಕೆ ಅಂಟಿಕೊಂಡಿದ್ದರೆ ಬರುವುದಿಲ್ಲ, ಪೊರಕೆಯಿಂದ ಎಬ್ಬಿಸಬೇಕು. ತೆಂಗಿನ ತುರಿಯನ್ನು ಮಾತ್ರ ಕೊಡಲೇಬೇಡಿ. ನಮ್ಮ ಕಡೆಯ ಅಡುಗೆಯಲ್ಲಿ ದಿನಾ ತುರಿಯುವುದು ಇದ್ದದ್ದೇ. ಒದ್ದೆ ತುರಿ ಡಬ್ಬಿಯ ಒಳಗೆ ಅಂಟಿ, ಎರಡೇ ದಿನದಲ್ಲಿ ವಾಸನೆ ಬಂದು ಇರುವೆ ಸಾಲು ಹಿಡಿಯಿತು. ನೀರು ಇದಕ್ಕೆ ವರ್ಜ್ಯ. ಕಿಡಿ ಆರದ ಅಗರಬತ್ತಿ ಬೂದಿಯೂ ಅಷ್ಟೇ, ಒಳಗೆ ಇರುವುದೆಲ್ಲ ಒಣ ಕಸ. ರಂಗೋಲಿ ಪುಡಿಯಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನನ್ನ ಕಿವಿಯೋಲೆಯ ತಿರುಪು ಒಂದು ಸಲ ಒಳಗೆ ಹೋಯಿತು. ಡಬ್ಬಿಯನ್ನು ಪೇಪರಿನ ಮೇಲೆ ಸುರಿದು ಹುಡುಕಿದಾಗ ಸಿಕ್ಕಿತು.

ಶಬ್ದ ಮಿಕ್ಸಿಯಷ್ಟೇ ಇದೆ. ಆದರೆ ಮಿಕ್ಸಿಯನ್ನು ನಾವು ಹಾಕುತ್ತೇವೆ, ಇದು ತಾನೇ ಹೊರಡುತ್ತದೆ. ಮೊದಲ ವಾರ ಅಮ್ಮ ಬೆಚ್ಚಿಬೀಳುತ್ತಿದ್ದರು. ಬಾಲ್ಕನಿ ಬಾಗಿಲ ಬಳಿ ಇಟ್ಟಾಗ ಬೆಳಗಿನ ಬಿಸಿಲು ಬಿದ್ದು ಸುಮ್ನೆ ಶುರುವಾಗುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುತ್ತದಲ್ಲ, ಸೆನ್ಸರ್ ಮೋಸಹೋಗುತ್ತದೆ. ನೆರಳಿನ ಮೂಲೆಗೆ ಸರಿಸಿದ ಮೇಲೆ ಸರಿಹೋಯಿತು.

ಕರೆಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತುಂಬ ಜನ ಕೇಳಿದ್ದಾರೆ. ನಮ್ಮದು 1000 ವ್ಯಾಟ್. 230 ವೋಲ್ಟಿಗೆ ನಾಲ್ಕೂವರೆ ಆಂಪಿಯರಿಗಿಂತ ಕಡಿಮೆ, ಹಾಗಾಗಿ ಮಾಮೂಲಿ 6 ಆಂಪಿಯರ್ ಸಾಕೆಟ್ ಸಾಕು. 1400 ವ್ಯಾಟಿನದಾದರೆ 6 ಆಂಪಿಯರ್ ದಾಟುತ್ತದೆ, ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ದಿನಕ್ಕೆ ಹತ್ತು ಸಲ, ಹತ್ತು ಹತ್ತು ಸೆಕೆಂಡು ಓಡಿದರೂ ತಿಂಗಳಿಗೆ ಒಂದು ಯೂನಿಟ್ ತುಂಬುವುದಿಲ್ಲ. ದುಬೈಯ ವೋಲ್ಟೇಜ್ ನಮ್ಮಂತೆಯೇ ಇರುವುದರಿಂದ ಪಿನ್ ಬದಲಿಸಿದರೆ ಸಾಕಾಯಿತು. ಅಮೆರಿಕದಿಂದ ಯಾರಾದರೂ ತರುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ಅಲ್ಲಿನದು 120 ವೋಲ್ಟಿನದು. ಇಲ್ಲಿ ನೇರ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ.

ಮಳೆಗಾಲದಲ್ಲಿ ಇದರ ಕಷ್ಟ ಬೇರೆ. ಜೂನ್ ಬಂತೆಂದರೆ ನೆಲವೇ ಜಿಗುಟು. ಧೂಳು ಪೊರಕೆಗೇ ಬರುವುದಿಲ್ಲ, ಇನ್ನು ಯಂತ್ರಕ್ಕೆ ತಲುಪುವುದು ಹೇಗೆ? ಫಿಲ್ಟರ್ ತೊಳೆದರೆ ಎರಡು ದಿನವಾದರೂ ಒಣಗುವುದಿಲ್ಲ. ಒದ್ದೆ ಫಿಲ್ಟರ್ ಹಾಕಿದರೆ ಧೂಳು ಕೆಸರಾಗಿ ಅಂಟುತ್ತದೆ. ಇನ್ನೊಂದು ಫಿಲ್ಟರನ್ನು ಮೊದಲೇ ತರಿಸಿಟ್ಟುಕೊಳ್ಳಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಹೆಪಾ ಫಿಲ್ಟರ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ಒಳ್ಳೆಯ ಹೆಪಾ 0.3 ಮೈಕ್ರಾನ್ ಕಣಗಳನ್ನು 99.97 ಶೇಕಡಾ ಹಿಡಿಯುತ್ತದೆ. ಸಾದಾ ಫಿಲ್ಟರ್ ಆದರೆ ನುಣ್ಣನೆಯ ಧೂಳು ಹಿಂದಿನಿಂದ ಮತ್ತೆ ಗಾಳಿಗೆ ಸೇರುತ್ತದೆ.

ಬೆಲೆ ಹತ್ತು ಸಾವಿರ ದಾಟಿತು. ಸೊಂಟ, ಮೊಣಕಾಲು ಗಟ್ಟಿ ಇರುವವರು ಇಷ್ಟು ದುಡ್ಡು ಹಾಕಬೇಕೇ ಎಂದು ಕೇಳಿದರೆ ಬೇಡ ಅನ್ನುತ್ತೇನೆ. ಉದ್ದ ಹಿಡಿಯ ಮೊರ ತಂದುಕೊಳ್ಳಿ. ಗುಡಿಸುವ ಕೆಲಸವನ್ನು ಈ ಯಂತ್ರ ಒಂದಿಷ್ಟೂ ಕಡಿಮೆ ಮಾಡುವುದಿಲ್ಲ, ಕಸವನ್ನು ಅದರ ಬಾಯಿಯವರೆಗೆ ನಾವೇ ತರಬೇಕು. ಹಾಲ್ ಗುಡಿಸುವಾಗ ನಾನು ಈಗಲೂ ಆ ನಾನೂರು ರೂಪಾಯಿಯ ಮೊರವನ್ನೇ ಬಳಸುತ್ತೇನೆ. ಹಾಲ್‌ವರೆಗೆ ಎಕ್ಸ್‌ಟೆನ್ಶನ್ ವೈರು ಎಳೆದರೆ ಅಮ್ಮನ ಕಾಲಿಗೆ ಸಿಕ್ಕೀತು. ಆದರೆ ಒಂದು ಕೈ ಮಾತ್ರ ಖಾಲಿ ಇರುವವರಿಗೆ, ಬಗ್ಗಲೇಬಾರದವರಿಗೆ, ಐದರಲ್ಲಿ ಇದೊಂದೇ ಕೆಲಸಕ್ಕೆ ಬಂದದ್ದು. ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿ ದಿನಕ್ಕೆ ಏಳು ಮನೆ ಗುಡಿಸುತ್ತಾರೆ. ಮೊದಲ ಸಲ ಇದನ್ನು ಬಳಸಿ "ಕಂಬರ ವಾಚಲೀ" ಅಂದರು. ಸೊಂಟ ಉಳಿಯಿತು ಅಂತ. ಉಳಿದ ಆರು ಮನೆಗಳಲ್ಲಿ ಅವರು ಬಗ್ಗುವುದು ತಪ್ಪಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಉದ್ದ ಹಿಡಿಯ ಒಂದು ಮೊರವನ್ನಾದರೂ ಆ ಮನೆಗಳವರು ತಂದುಕೊಡಬಾರದೇ?

ಒಂದನ್ನು ನಾವು ಮೊದಲು ಗಮನಿಸಿರಲಿಲ್ಲ. ಅಡುಗೆಮನೆಯ ಆ ಮೂಲೆಯ ಸ್ವಿಚ್ಚು ನೆಲದಿಂದ ಒಂದು ಅಡಿ ಎತ್ತರದಲ್ಲಿತ್ತು. ಹಾಕಲು ಒಮ್ಮೆ, ಆರಿಸಲು ಒಮ್ಮೆ, ಅಮ್ಮ ದಿನಾ ಬಗ್ಗುತ್ತಿದ್ದರು. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸೊಂಟದ ಎತ್ತರಕ್ಕೆ ಏರಿಸಿದೆವು. ಡಬ್ಬಿ ಖಾಲಿ ಮಾಡಲು ಈಗಲೂ ಬಗ್ಗಬೇಕು. ಅದನ್ನು ರಾತ್ರಿ ಊಟವಾದ ಮೇಲೆ ನಾನು ಮಾಡುತ್ತೇನೆ.