ದಪ್ಪ ಸರಿಯಿದ್ದ ಡ್ರಿಲ್ ಪೈಪ್ ತೂತಾಗಿದ್ದೇಕೆ? ನಾಲ್ಕು ತಪಾಸಣೆಗಳ ಹೋಲಿಕೆ

ಬಾವಿ ಕೊರೆಯುತ್ತಿದ್ದೆವು. ಪೈಪಿನೊಳಗೆ ಮಡ್ (ಕೊರೆಯುವಾಗ ಹರಿಸುವ ಕೆಸರಿನಂಥ ದ್ರವ) ತಳ್ಳುವ ಪಂಪಿನ ಸ್ಟ್ರೋಕ್, ಅಂದರೆ ಅದರ ವೇಗ, ಇದ್ದಷ್ಟೇ ಇತ್ತು. ಪ್ರೆಶರ್ ಮಾತ್ರ ನಿಧಾನವಾಗಿ ಇಳಿಯುತ್ತಿತ್ತು. ಪಂಪ್‌ನಲ್ಲಿ ದೋಷ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಸ್ಟ್ರಿಂಗ್ (ಒಂದಕ್ಕೊಂದು ಜೋಡಿಸಿದ ಪೈಪ್‌ಗಳ ಸಾಲು) ಮೇಲೆತ್ತಿದೆವು. ಒಂದು ಪೈಪಿನಲ್ಲಿ, ಪಿನ್ (ಹೊರಗೆ ಥ್ರೆಡ್ ಇರುವ ತುದಿ) ಕಡೆಯ ಟೂಲ್ ಜಾಯಿಂಟಿನಿಂದ (ಪೈಪ್‌ಗಳನ್ನು ಒಂದಕ್ಕೊಂದು ಸೇರಿಸುವ ದಪ್ಪ ಭಾಗ) ಸುಮಾರು ಅರ್ಧ ಮೀಟರ್ ದೂರದಲ್ಲಿ, ಬೆರಳು ತೂರುವಷ್ಟು ತೂತು. ಬಿರುಕಿನಲ್ಲಿ ಹೊಕ್ಕ ಮಡ್ ಕೊರೆದು ಮಾಡಿದ ವಾಶ್‌ಔಟ್ ಅದು. ಹಾಗೇ ತಿರುಗಿಸುತ್ತಾ ಹೋಗಿದ್ದರೆ ಪೈಪ್ ತುಂಡಾಗಿ, ಕೆಳಗಿನದೆಲ್ಲ ಬಾವಿಯಲ್ಲೇ ಉಳಿಯುತ್ತಿತ್ತು.

ಆ ಪೈಪಿನ ಮೇಲೆ ಎರಡು ಬಿಳಿ ಪಟ್ಟೆ ಇದ್ದವು. ಅಂದರೆ ಪ್ರೀಮಿಯಂ, ಬಳಸಿದ ಪೈಪ್‌ಗಳಲ್ಲಿ ಮೇಲಿನ ದರ್ಜೆ. ತಪಾಸಣೆ ಆಗಿತ್ತು, ಆದರೆ ದಪ್ಪ ಬಿಟ್ಟು ಬೇರೇನೂ ನೋಡಿರಲಿಲ್ಲ. ಆಮೇಲೆ ಅದೇ ಸ್ಟ್ರಿಂಗಿನ ಕೆಲವು ಪೈಪ್‌ಗಳನ್ನು ಬೇರೆ ಇಟ್ಟು, ನಾಲ್ಕು ವಿಧಾನಗಳನ್ನೂ ಅವುಗಳ ಮೇಲೇ ಮಾಡಿಸಿದೆ. ಪಕ್ಕದಲ್ಲೇ ನಿಂತು ನೋಡಿದೆ.

ಮೊದಲು ಅಲ್ಟ್ರಾಸಾನಿಕ್ ದಪ್ಪದ ಗೇಜ್. ಸವೆತಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ನಮ್ಮದು 5 ಇಂಚಿನ, ಅಡಿಗೆ 19.5 ಪೌಂಡಿನ ಪೈಪ್. ಹೊಸದಾಗಿದ್ದಾಗ ಗೋಡೆ 9.19 ಮಿ.ಮೀ. ಅದರ ಶೇ. 80 ಉಳಿದಿದ್ದರೆ, ಅಂದರೆ ಸುಮಾರು 7.35 ಮಿ.ಮೀ., ಪ್ರೀಮಿಯಂ. ಶೇ. 70ರವರೆಗೆ ಎರಡನೇ ದರ್ಜೆ. ಒಂದು ಎಚ್ಚರಿಕೆ: ಪೈಪ್ ಒಂದೇ ಕಡೆ ಉಜ್ಜಿಕೊಂಡು ಸವೆದಿರಬಹುದು. ಒಂದು ಜಾಗದಲ್ಲಿ ಪ್ರೋಬ್ ಇಟ್ಟು ನಂಬರ್ ಬರೆದುಕೊಂಡರೆ ಸಾಲದು, ಸುತ್ತಲೂ ಅಳೆಯಬೇಕು. ಆದರೆ ಅಡ್ಡ ಬಿರುಕು ಇದಕ್ಕೆ ಕಾಣುವುದೇ ಇಲ್ಲ. ಶಬ್ದ ಗೋಡೆಯೊಳಗೆ ನೇರವಾಗಿ ಇಳಿದು ನೇರವಾಗಿ ವಾಪಸ್ ಬರುತ್ತದೆ. ಬಿರುಕು ಕೂಡ ಅದೇ ದಿಕ್ಕಿಗೆ ನಿಂತಿರುತ್ತದೆ. ಶಬ್ದ ಅದರ ಪಕ್ಕದಲ್ಲೇ ಹಾದು ಹೋಗಿಬಿಡುತ್ತದೆ. ನಮ್ಮ ಪೈಪ್ ಪಾಸಾಗಿದ್ದು ಹೀಗೆ.

ಎರಡನೆಯದು ಇಎಂಐ, ಅಂದರೆ ವಿದ್ಯುತ್ಕಾಂತೀಯ ತಪಾಸಣೆ. ಕಾಯಿಲ್ ಪೈಪನ್ನು ಉದ್ದಕ್ಕೂ ಮ್ಯಾಗ್ನೆಟ್ ಮಾಡುತ್ತದೆ. ಬಿರುಕು ಅಥವಾ ತುಕ್ಕಿನ ಗುಂಡಿ ಇದ್ದಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ. ಪೈಪಿನ ಮೈಯನ್ನೆಲ್ಲ ಬೇಗ ನೋಡಲು ಇದೇ ಸರಿ. ಒಳಗಿನ ಗುಂಡಿಗಳು ಇದರಲ್ಲೇ ಮೊದಲು ಸಿಕ್ಕಿದವು. ಮೊದಲ ದಿನ ಪೈಪ್ ಸರಿಯಾಗಿ ತೊಳೆದಿರಲಿಲ್ಲ, ಚಾರ್ಟ್ ತುಂಬಾ ಸುಮ್ನೆ ಮುಳ್ಳು ಮುಳ್ಳು ಗೆರೆ. ತೊಳೆದು, ತುಕ್ಕಿನ ಹೊಪ್ಪಳೆ ತೆಗೆದ ಮೇಲೆ ಓದುವಂತಾಯಿತು. ಆದರೆ ಗೆರೆ ಎಷ್ಟು ಎದ್ದಿತು ಅನ್ನುವುದರಿಂದ ಆಳ ಗೊತ್ತಾಗುವುದಿಲ್ಲ. ಪ್ರತಿ ಗುರುತಿಗೂ ಹೋಗಿ ಗೇಜ್ ಹಿಡಿದು ನೋಡಲೇಬೇಕು. ಇನ್ನೊಂದು ತೊಂದರೆ ದೊಡ್ಡದು. ತುದಿಯಲ್ಲಿ ಪೈಪ್ ದಪ್ಪಗಾಗುವ ಅಪ್‌ಸೆಟ್ ಹತ್ತಿರ ಇದನ್ನು ನಂಬುವಂತಿಲ್ಲ. ನಮಗೆ ತೂತು ಬಿದ್ದಿದ್ದೂ ಅಲ್ಲೇ ಅಲ್ವಾ?

ಮೂರನೆಯದು ಮ್ಯಾಗ್ನೆಟಿಕ್ ಪಾರ್ಟಿಕಲ್, ಮುಖ್ಯವಾಗಿ ಥ್ರೆಡ್‌ಗಳಿಗೆ. ಪೈಪನ್ನು ಮ್ಯಾಗ್ನೆಟ್ ಮಾಡಿ ಕಬ್ಬಿಣದ ಸಣ್ಣ ಕಣ ಹಾಕಿದರೆ ಅವು ಬಿರುಕಿನ ಮೇಲೆ ಗುಂಪುಗೂಡುತ್ತವೆ. ಒಣ ಪುಡಿಯನ್ನೂ ಹಾಕಿ ನೋಡಿದೆ, ಹೊಳೆಯುವ ದ್ರವವನ್ನೂ ಹಾಕಿ ನೋಡಿದೆ. ಸಣ್ಣ ಬಿರುಕಿನ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ, ದ್ರವವೇ ಗೆಲ್ಲುತ್ತದೆ. ಕತ್ತಲು ಮಾಡಿ, ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಅಲ್ಟ್ರಾವಯಲೆಟ್ ದೀಪ ಹಿಡಿದಾಗ ಪಿನ್ನಿನಲ್ಲಿ ಕಚ್ಚಿಕೊಳ್ಳುವ ಕೊನೆಯ ಥ್ರೆಡ್ಡಿನ ಬುಡದಲ್ಲಿ ಹಸಿರು ಕೂದಲಿನಂಥ ಗೆರೆ ಎದ್ದಿತು. ಹಗಲಿನಲ್ಲಿ ಒಣ ಪುಡಿ ಅದೇ ಜಾಗದಲ್ಲಿ ಏನೂ ತೋರಿಸಿರಲಿಲ್ಲ. ಗ್ರೀಸ್ ಉಳಿದಿದ್ದರೆ ಇದೂ ಕೆಲಸಕ್ಕೆ ಬಾರದು. ಮ್ಯಾಗ್ನೆಟ್‌ಗೆ ಅಂಟದ ಡ್ರಿಲ್ ಕಾಲರ್‌ಗಳಿಗಂತೂ (ಸ್ಟ್ರಿಂಗಿನ ತಳದ ದಪ್ಪ, ಭಾರದ ಪೈಪ್) ಬಿರುಕಿಗೆ ಬಣ್ಣ ಇಳಿಸಿ ನೋಡುವ ಡೈ ಪೆನೆಟ್ರಂಟೇ ಗತಿ.

ಕೊನೆಯದು ಓರೆ ಕೋನದ ಅಲ್ಟ್ರಾಸಾನಿಕ್. ಸ್ಲಿಪ್ (ಬಾವಿಯ ಬಾಯಲ್ಲಿ ಪೈಪನ್ನು ಕಚ್ಚಿ ನಿಲ್ಲಿಸುವ ಬೆಣೆ) ಹಿಡಿಯುವ ಜಾಗಕ್ಕೂ ಅಪ್‌ಸೆಟ್‌ಗೂ ಅಂತ ಮಾಡುವುದು. ಶಬ್ದ ಗೋಡೆಯೊಳಗೆ ಓರೆಯಾಗಿ ಹೋಗುವುದರಿಂದ ಅಡ್ಡ ಬಿರುಕಿಗೆ ಬಡಿದು ವಾಪಸ್ ಬರುತ್ತದೆ. ಕೆಲಸ ತುಂಬಾ ನಿಧಾನ. ಗೀರು ಹಾಕಿದ ಮಾದರಿ ಪೈಪಿನ ಮೇಲೆ ಆಗಾಗ ಕ್ಯಾಲಿಬ್ರೇಟ್ ಮಾಡಬೇಕು. ಗುಂಡಿಗಳೂ ಪ್ರತಿಧ್ವನಿ ಕೊಡುತ್ತವೆ, ಹಾಗಾಗಿ ನೋಡುವವರಿಗೆ ಅನುಭವ ಜಾಸ್ತಿ ಬೇಕು. ಆದರೂ ಬೇರೆ ಇಟ್ಟಿದ್ದ ಪೈಪ್‌ಗಳಲ್ಲಿ ಇನ್ನೆರಡು ಬಿರುಕು ಹಿಡಿದುಕೊಟ್ಟಿದ್ದು ಇದೊಂದೇ. ಎರಡೂ ಒಳಗಿನಿಂದ ಶುರುವಾದವು, ಹೊರಗೆ ಬಂದಿರಲಿಲ್ಲ. ಆದ್ದರಿಂದ ಹೊರಗೆ ಹಾಕಿದ ದ್ರವಕ್ಕೂ ಸಿಕ್ಕಿರಲಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ನನ್ನ ಆಯ್ಕೆ ಇದು. ಮೈಗೆ ಇಎಂಐ ಮತ್ತು ಗೇಜ್ ಜೊತೆಯಾಗಿ, ಥ್ರೆಡ್‌ಗೆ ಹೊಳೆಯುವ ದ್ರವ, ತುದಿಗಳಿಗೆ ಓರೆ ಅಲ್ಟ್ರಾಸಾನಿಕ್. ಸಮಯ ಕಡಿಮೆಯಿದೆ, ಒಂದನ್ನು ಬಿಡಿ ಅಂದರೆ ತುದಿಯ ತಪಾಸಣೆಯನ್ನು ಮಾತ್ರ ನಾನು ಬಿಡುವುದಿಲ್ಲ.

ಆ ಎರಡು ಪೈಪ್‌ಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿಸಿದೆವು. ಅಪ್‌ಸೆಟ್ ಇಳಿದು ಮಾಮೂಲಿ ಗೋಡೆ ಸೇರುವಲ್ಲಿ ತುಕ್ಕಿನ ಒಂದು ಪುಟ್ಟ ಗುಂಡಿ ಇತ್ತು. ಬಿರುಕು ಅದರ ತಳದಿಂದಲೇ ಹೊರಟಿತ್ತು. ಪಕ್ಕದಲ್ಲಿ ಗೇಜ್ ಇಟ್ಟೆ: 8 ಮಿ.ಮೀ.ಗಿಂತ ಜಾಸ್ತಿ ತೋರಿಸಿತು.