ಗೋಳಗುಮ್ಮಟದ ಹತ್ತಿರದ ಪೇಂಟರ್ ಅಂಗಡಿ: ಬೋರ್ಡ್ ಬರೆಸಲು ಹೋಗಿ ಹೆಸರೇ ಬದಲಾಯ್ತು

ನಮ್ಮ ಓಣಿಯ ರಾತ್ರಿ ಶಾಲೆಗೆ ಬೋರ್ಡ್ ಬೇಕಿತ್ತು. ವಿಜಯಪುರದ ಬಿಸಿಲಿಗೆ ಫ್ಲೆಕ್ಸ್ ಬೇಗ ಬಣ್ಣ ಬಿಡುತ್ತದೆ. ಅದಕ್ಕೇ ತಗಡಿನ ಮೇಲೆ ಕೈಯಿಂದ ಬರೆಯುವ ಈ ಅಂಗಡಿಗೆ ಹೋದೆ.

ನಾನು ಕೊಟ್ಟ ಚೀಟಿಯಲ್ಲಿ 'ಅನಕ್ಷರಸ್ಥ ಮಹಿಳೆಯರ ಉದ್ಧಾರ ಸಂಘ' ಅಂತ ಇತ್ತು. ಪೇಂಟರ್ ಕಾಕಾ ಎರಡು ಸಲ ಓದಿ, ಕುಂಚ ಕೆಳಗಿಟ್ಟರು. "ಅಕ್ಕಾರ, ಈ ಹೆಸರಿನ ಕೆಳಗ ಹಾದು ಒಳಗ ಬರಾಕ ಯಾರಿಗೆ ಮನಸ್ಸಾಗ್ತದ್ರಿ?"

ನನಗೆ ಚುರ್ ಅಂತು. ನಮ್ಮಲ್ಲಿ ಹಮಾಲರೂ ಕಲಿಯಲು ಬರುತ್ತಾರೆ, ಮನೆಯಲ್ಲಿ ಉರ್ದು ಮಾತಾಡುವ ಅಜ್ಜಿಯರೂ ಬರುತ್ತಾರೆ. ಬರೀ ಮಹಿಳೆಯರು ಅಂದರೆ ಹೇಗೆ? ಉದ್ಧಾರ ಮಾಡಲು ನಾವ್ಯಾರು? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು, ನಮ್ಮ ಜಿಲ್ಲೆಯದು ಶೇ 67ರ ಆಸುಪಾಸು. ಓದು ಬಾರದವರು ನಮ್ಮ ಮನೆಯವರೇ ಅಲ್ವಾ?

ಚೀಟಿ ವಾಪಸ್ ತಂದು ರಾತ್ರಿ ಎಲ್ಲರನ್ನೂ ಕೇಳಿದೆ. ಒಬ್ಬ ಅಜ್ಜಿ, "ಒತ್ತಕ್ಷರ ಬ್ಯಾಡವಾ, ನನಗ ಓದಾಕ ಬರಬೇಕು" ಅಂದರು. ಎಲ್ಲರೂ ಸೇರಿ ಒಪ್ಪಿದ್ದು 'ಕೂಡಿ ಓದೋಣ'. ಐದೇ ಅಕ್ಷರ, ಒಂದೂ ಒತ್ತಿಲ್ಲ.

ನೀಲಿ ತಗಡು, ಹಳದಿ ಅಕ್ಷರ. ಮೇಲೆ ದಪ್ಪಗೆ ಕನ್ನಡ, ಕೆಳಗೆ ಚಿಕ್ಕದಾಗಿ ಉರ್ದು. 'ದೋ' ದೀರ್ಘ ಚಿಕ್ಕದಾಗಿತ್ತು, ಹೇಳಿದ ತಕ್ಷಣ ಅಳಿಸಿ ಮತ್ತೆ ಬರೆದರು. ಹೇಳಿದ್ದಕ್ಕಿಂತ ನಾಲ್ಕು ದಿನ ತಡ ಆಯ್ತು, ಫೋನೂ ಎತ್ತಲಿಲ್ಲ. ಅದು ಬೇಜಾರು. ಆದರೂ ನನ್ನಿಂದ ಐದಕ್ಕೆ ಐದು. ಬೋರ್ಡ್ ಕಟ್ಟಿದ ಸಂಜೆ ಆ ಅಜ್ಜಿ ಬಾಗಿಲಲ್ಲೇ ನಿಂತು, ಬೆರಳು ಎತ್ತಿ ಒಂದೊಂದೇ ಅಕ್ಷರ ಓದಿದರು.